ಕಬಾಬಿನ ಬಣ್ಣ ಹೋಯಿತು, ಹಸಿ ಹೋಗಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಒಬ್ಬರು, ಸರ್ಕಾರ ಕೃತಕ ಬಣ್ಣ ನಿಷೇಧಿಸಿದ ಮೇಲೆ ಗಾಡಿ ಕಬಾಬನ್ನು ಮಕ್ಕಳಿಗೆ ಧೈರ್ಯವಾಗಿ ಕೊಡಿಸುತ್ತಿದ್ದೇನೆ ಎಂದು ಬರೆದಿದ್ದರು. ಕಬಾಬ್ ಮಾರಿ ಬದುಕುವ ನಾನು ಅದನ್ನು ಓದಿ ಖುಷಿಪಡಬೇಕಿತ್ತು. ಪಡಲಾಗಲಿಲ್ಲ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ, ಬಸ್‌ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಗಾಡಿ ಇಟ್ಟುಕೊಂಡಿದ್ದೇನೆ. ಬಣ್ಣ ಹಾಕುತ್ತಿದ್ದವರಲ್ಲಿ ನಾನೂ ಒಬ್ಬ, ಸುಳ್ಳು ಯಾಕೆ ಹೇಳಲಿ. ಆ ಓದುಗರ ಧೈರ್ಯ ಎಲ್ಲಿ ಸರಿ, ಎಲ್ಲಿ ತಪ್ಪು ಅನ್ನುವುದನ್ನು ಬಾಂಡ್ಲಿಯ ಈಚೆ ನಿಂತವನೇ ಹೇಳಿದರೆ ವಾಸಿ ಅನ್ನಿಸಿತು.

2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಬಣ್ಣ ಹಾಕಬಾರದು ಅಂದರು. ಜೂನ್‌ನಲ್ಲಿ ಕಬಾಬಿನ ಸರದಿ ಬಂತು. ರಾಜ್ಯದಲ್ಲಿ 39 ಕಡೆ ಮಾದರಿ ತೆಗೆದಿದ್ದರಂತೆ, 8ರಲ್ಲಿ ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್ ಅನ್ನುವ ಬಣ್ಣ ಸಿಕ್ಕಿತ್ತು. ಹಾಕಿದವರಿಗೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ, 10 ಲಕ್ಷ ದಂಡ ಅಂತ ಟಿ.ವಿ.ಯಲ್ಲಿ ಬಂತು. ನಮ್ಮ ಸಾಲಿನ ಐದೂ ಗಾಡಿಯವರು ಅವತ್ತು ರಾತ್ರಿ ಡಬ್ಬಗಳನ್ನು ತಂದು ಕೊಡವಿದೆವು. ಚರಂಡಿಯಲ್ಲಿ ಓಕುಳಿ ಹರಿದ ಹಾಗೆ ಆಯಿತು. ಇಷ್ಟನ್ನೂ ಜನರ ಹೊಟ್ಟೆಗೆ ಹಾಕುತ್ತಿದ್ದೆವಾ ಅಂತ ಆಗ ಹೊಳೆಯಿತು. ಆದೇಶ ಒಳ್ಳೆಯದೇ, ಅದರ ಬಗ್ಗೆ ನನಗೆ ತಕರಾರಿಲ್ಲ.

ಆದರೆ ಬಣ್ಣ ಹೋದ ಮೇಲೆ ಬಾಂಡ್ಲಿಯೊಳಗೆ ಏನಾಯಿತು ಅನ್ನುವುದನ್ನು ಯಾರೂ ಬರೆದದ್ದು ನಾನು ಕಂಡಿಲ್ಲ.

ಡಬ್ಬದ ಬಣ್ಣ ಹಾಕಿದ ಕಬಾಬ್ ಹತ್ತು ನಿಮಿಷ ಕರಿದರೂ ಕೆಂಪಗೇ ಇರುತ್ತಿತ್ತು. ಈಗ ನಾವು ಬ್ಯಾಡಗಿ ಮೆಣಸಿನಕಾಯಿ ಅರೆದು ಹಾಕುತ್ತೇವೆ. ಅದರ ಕೆಂಪು ಚೆನ್ನ, ಖಾರ ಕಡಿಮೆ. ಆದರೆ ಜೋರು ಉರಿಯಲ್ಲಿ ಐದಾರು ನಿಮಿಷಕ್ಕೆ ಕಪ್ಪಗಾಗಲು ಶುರು. ಕಪ್ಪಗಾದ ಕಬಾಬನ್ನು ಗಿರಾಕಿ ಮುಟ್ಟುವುದಿಲ್ಲ. ಮೊದಲ ವಾರ ಒಬ್ಬರು ತಟ್ಟೆ ನೋಡಿ, "ಏನಣ್ಣ ಇದು, ಕಬಾಬೋ ಸುಟ್ಟ ಬೋಂಡಾನೋ?" ಅಂದರು. ಹೀಗಾಗಿ ಸುಮಾರು ಜನ ಏನು ಮಾಡುತ್ತಿದ್ದಾರೆ ಅಂದರೆ, ಕೆಂಪಗಿರುವಾಗಲೇ ಎತ್ತಿಬಿಡುತ್ತಿದ್ದಾರೆ. ಮೇಲೆ ಗರಿಗರಿ, ಒಳಗೆ ಮೂಳೆಯ ಹತ್ತಿರ ಹಸಿ. ಬಣ್ಣವಿಲ್ಲ ಅಂತ ನೀವು ನೆಮ್ಮದಿಯಿಂದ ತಿನ್ನುತ್ತೀರಿ. ಮೊದಲಿಗಿಂತ ಈಗ ಹಸಿ ಮಾಂಸ ತಿನ್ನುವ ಸಂಭವ ಕೆಲವು ಗಾಡಿಗಳಲ್ಲಿ ಜಾಸ್ತಿಯಾಗಿದೆ ಅನ್ನುವುದು ನನ್ನ ಲೆಕ್ಕ. ಅಂಕಿಅಂಶ ಇಟ್ಟು ಹೇಳುತ್ತಿಲ್ಲ, ಅಕ್ಕಪಕ್ಕ ನೋಡಿ ಹೇಳುತ್ತಿದ್ದೇನೆ.

ಇದಕ್ಕೆ ದಾರಿ ಇದೆ. ಉರಿ ತಗ್ಗಿಸಿ ನಿಧಾನವಾಗಿ ಬೇಯಿಸುವುದು, ಒಂದೇ ಸಲ ಬಾಂಡ್ಲಿ ತುಂಬ ಸುರಿಯದಿರುವುದು. ಮೂರು ಲೀಟರ್ ಎಣ್ಣೆಗೆ ಎರಡು ಕೆಜಿ ಕೋಳಿ ಸುರಿದರೆ ಎಣ್ಣೆಯ ಕಾವು ದಡಕ್ಕನೆ ಇಳಿಯುತ್ತದೆ, ತುಂಡು ಎಣ್ಣೆ ಕುಡಿಯುತ್ತದೆಯೇ ಹೊರತು ಬೇಯುವುದಿಲ್ಲ. ನಾನು ಮುಕ್ಕಾಲು ಕೆಜಿ ದಾಟಿಸುವುದಿಲ್ಲ. ಸಣ್ಣ ತುಂಡಿಗೆ ಎಂಟು ಹತ್ತು ನಿಮಿಷ, ಲೆಗ್ ಪೀಸ್‌ಗೆ ಇನ್ನೂ ಮೂರ್ನಾಲ್ಕು. ಲೆಗ್ ಪೀಸ್‌ಗೆ ಮೂಳೆ ಮುಟ್ಟುವ ಹಾಗೆ ಎರಡು ಗೀರು ಹಾಕಲೇಬೇಕು. ಗೀರು ಮಸಾಲೆ ಹಿಡಿಯುವುದಕ್ಕೆ ಅಂತ ಎಲ್ಲರೂ ತಿಳಿದಿದ್ದಾರೆ, ಕಾವು ಒಳಗೆ ಇಳಿಯುವುದಕ್ಕೂ ಅದೇ ಬಾಗಿಲು.

ಆದರೆ ಹತ್ತು ನಿಮಿಷ ಕಾಯುವವರು ಯಾರು? ಎಂಟೂಕಾಲರ ಬಸ್ಸಿಗೆ ಹೋಗುವವರು, ಪಕ್ಕದ ವೈನ್ಸ್‌ನಿಂದ ನಾಲ್ಕು ಜನ ಒಟ್ಟಿಗೆ ಬರುವವರು, ಮನೆಯಲ್ಲಿ ಮಕ್ಕಳು ಕಾಯುತ್ತಿವೆ ಅನ್ನುವವರು. ಎಲ್ಲರ ಬಾಯಲ್ಲೂ "ಬೇಗ ಅಣ್ಣ". ಈ ಬೇಗಕ್ಕೆ ನಮ್ಮ ಕಸುಬಿನವರು ಕಂಡುಕೊಂಡ ಉಪಾಯ ಹಾಫ್ ಫ್ರೈ. ಮಧ್ಯಾಹ್ನ ಮೂರು ನಾಲ್ಕು ಗಂಟೆಗೆ ಎಲ್ಲಾ ಕೋಳಿಯನ್ನೂ ಅರೆಬರೆ ಕರಿದು ಟಬ್‌ನಲ್ಲಿ ಗುಡ್ಡೆ ಹಾಕುವುದು. ಗಿರಾಕಿ ಬಂದಾಗ ಮತ್ತೆ ಎರಡು ನಿಮಿಷ ಎಣ್ಣೆಗೆ ಬಿಟ್ಟು ಬಿಸಿಬಿಸಿಯಾಗಿ ಕೊಡುವುದು. ನಿಮ್ಮೂರಿನಲ್ಲಿ ನೀವು ಕೇಳಿದ ಎರಡೇ ನಿಮಿಷಕ್ಕೆ ಕಬಾಬ್ ಕೈಗೆ ಬಂದರೆ ಅದು ಹೀಗೆ ಬಂದದ್ದು ಅಂತಲೇ ತಿಳಿಯಿರಿ. ಮೊದಲ ಸಲವೇ ಪೂರ್ತಿ ಬೇಯಿಸಿ, ಸುಡುಸುಡು ಬಿಸಿಯಲ್ಲೇ ಇಟ್ಟು ಕೊಟ್ಟರೆ ಅದು ಬೇರೆ ಮಾತು. ಅರೆ ಬೆಂದದ್ದನ್ನು ಬೆಚ್ಚಗೆ ಇಡುವುದಿದೆಯಲ್ಲ, ಅದು ಸೂಕ್ಷ್ಮಜೀವಿಗಳಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅವು ಹೆಚ್ಚುತ್ತವೆ. ಆ ಕಾವಿನಲ್ಲಿ ಮಾಂಸ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಬಿಸಿಲು 32 ದಾಟಿದ ದಿನ ಒಂದೇ ಗಂಟೆ ಅನ್ನುತ್ತಾರೆ. ನಮ್ಮ ಕಡೆ ಏಪ್ರಿಲ್‌ನಲ್ಲಿ 32 ಅಂದರೆ ತಂಪಾದ ದಿನ.

ಇದನ್ನು ನಾನು ಓದಿ ಕಲಿತದ್ದಲ್ಲ, ಮನೆಯ ಮಗುವಿನ ಮೇಲೆ ಕಲಿತದ್ದು.

2017ರ ಹೊಸತೊಡಕು. ಯುಗಾದಿಯ ಮಾರನೆ ದಿನ ನಮ್ಮ ಕಡೆ ಮಾಂಸ ಬೇಯದ ಮನೆ ಕಡಿಮೆ, ನಮಗಂತೂ ವರ್ಷದ ದೊಡ್ಡ ವ್ಯಾಪಾರ. ನಲವತ್ತು ಕೆಜಿ ಕೋಳಿ ತಂದಿದ್ದೆ. ಬೆಳಿಗ್ಗೆ ಕತ್ತರಿಸುವಾಗ ಎಡಗೈ ತೋರುಬೆರಳು ಕೊಯ್ದುಕೊಂಡೆ. ಬಟ್ಟೆ ಚೂರು ಸುತ್ತಿ, ಅದೇ ಕೈಯಲ್ಲಿ ಮಸಾಲೆ ಕಲಸಿದೆ. ಮಧ್ಯಾಹ್ನ ಕರೆಂಟ್ ಹೋಯಿತು, ಐಸ್ ಮೊದಲೇ ಮುಗಿದಿತ್ತು. ಕೆಟ್ಟುಹೋದೀತು ಅಂತ ಎಲ್ಲವನ್ನೂ ಹಾಫ್ ಫ್ರೈ ಮಾಡಿ, ಅದೇ ಬೆರಳಲ್ಲಿ ತಿರುವಿ ಹಾಕಿ, ಮೇಲೆ ಒದ್ದೆ ಬಟ್ಟೆ ಮುಚ್ಚಿದೆ. ಸಂಜೆ ಏಳಕ್ಕೆ ನನ್ನ ತಮ್ಮನ ಮಗ ಬಂದು "ದೊಡ್ಡಪ್ಪ, ನಂಗೆ ಲೆಗ್ ಪೀಸೇ ಬೇಕು" ಅಂದ. ಕುದಿಯುವ ಎಣ್ಣೆಯಲ್ಲಿ ಮತ್ತೆ ಚೆನ್ನಾಗಿ ಕರಿದೇ ಕೊಟ್ಟೆ. ರಾತ್ರಿ ಹತ್ತೂವರೆಗೆ ವಾಂತಿ ಶುರುವಾಯಿತು. ಹನ್ನೆರಡಕ್ಕೆ ಮಗು ಕಣ್ಣು ಬಿಡಲಾರದೆ ಅಪ್ಪನ ಹೆಗಲ ಮೇಲೆ ಒರಗಿತ್ತು. ಎರಡು ಬಾಟಲಿ ಡ್ರಿಪ್ ಹಾಕಿದರು. ಉಳಿಯಿತು.

ಡಾಕ್ಟರ ಹತ್ತಿರ ನಾನು ವಾದ ಮಾಡಿದೆ, ಅಷ್ಟು ಬಿಸಿ ಎಣ್ಣೆಯಲ್ಲಿ ಯಾವ ಕ್ರಿಮಿ ಉಳಿಯುತ್ತದೆ ಸಾರ್ ಅಂತ. ಅವರು ನನ್ನ ಬೆರಳಿನ ಬಟ್ಟೆ ನೋಡಿದರು. ಗಾಯದಲ್ಲಿ, ಮೂಗಿನಲ್ಲಿ ಇರುವ ಒಂದು ಬಗೆಯ ಕ್ರಿಮಿ ಆಹಾರಕ್ಕೆ ಬಿದ್ದು, ಬೆಚ್ಚಗೆ ಕೂತರೆ ವಿಷ ಬಿಡುತ್ತದೆ, ಆಮೇಲೆ ಕರಿದರೆ ಕ್ರಿಮಿ ಸಾಯುತ್ತದೆ, ಅದು ಬಿಟ್ಟ ವಿಷ ಸಾಯುವುದಿಲ್ಲ, ಇದೂ ಅದೇ ಇರಬಹುದು ಅಂದರು. ಕ್ರಿಮಿಯ ಹೆಸರು ಸ್ಟ್ಯಾಫಿಲೊಕಾಕಸ್. ಅವತ್ತು ಬೇರೆ ಎಷ್ಟು ಮನೆಯಲ್ಲಿ ಏನಾಯಿತೋ, ಯಾರೂ ಬಂದು ಕೇಳಲಿಲ್ಲ, ನಾನಾಗಿ ಹೋಗಿ ವಿಚಾರಿಸುವ ಎದೆಗಾರಿಕೆಯೂ ನನಗಿರಲಿಲ್ಲ. ಹಾಫ್ ಫ್ರೈ ಅವತ್ತಿಗೆ ಬಿಟ್ಟೆ. ವ್ಯಾಪಾರ ಕಾಲುಭಾಗ ಇಳಿಯಿತು, ಆಮೇಲೆ ಸ್ವಲ್ಪ ಏರಿತು, ಪೂರ್ತಿ ಮೊದಲಿನ ಹಾಗೆ ಆಗಲೇ ಇಲ್ಲ.

ಈಗ ಹಸಿಯ ವಿಷಯಕ್ಕೆ ಬರುತ್ತೇನೆ. ಬೆಂದಿದೆಯೋ ಇಲ್ಲವೋ ಕಣ್ಣಲ್ಲೇ ಹೇಳಬಲ್ಲೆ ಅಂತ ನನಗೂ ಜಂಬ ಇತ್ತು. ನನ್ನ ತಂಗಿಯ ಮಗಳು ಹಾಸನದಲ್ಲಿ ಪಶುವೈದ್ಯಕೀಯ ಓದುತ್ತಿದ್ದಾಳೆ. ಎರಡು ವರ್ಷದ ಹಿಂದೆ ರಜೆಗೆ ಬಂದವಳು ಪೆನ್ನಿನ ಹಾಗಿರುವ ಒಂದು ಥರ್ಮಾಮೀಟರ್ ತಂದಳು. "ಮಾವ, ದಪ್ಪ ಜಾಗಕ್ಕೆ ಚುಚ್ಚಿ, ಮೂಳೆಗೆ ತಾಗಿಸಬೇಡಿ, 74 ತೋರಿಸಬೇಕು" ಅಂದಳು. ಆರು ನಿಮಿಷ ಬೆಂದ ಒಂದು ಲೆಗ್ ಪೀಸ್ ಎತ್ತಿದೆ. ಹೊಳೆಯುವ ಕೆಂಪು, ಅಂಚಿನಲ್ಲಿ ಗರಿಗರಿ, ಕರಿಬೇವು ಅಂಟಿಕೊಂಡು ಫೋಟೊ ತೆಗೆಯುವ ಹಾಗಿತ್ತು. ಚುಚ್ಚಿದರೆ 58. ನಾನು ಥರ್ಮಾಮೀಟರ್ ಕೆಟ್ಟಿದೆ ಅಂದೆ. ಅವಳು ಪಕ್ಕದ ಟೀ ಅಂಗಡಿಯ ಕುದಿಯುವ ನೀರಿಗೆ ಅದ್ದಿ ತೋರಿಸಿದಳು, ಸರಿಯಾಗಿಯೇ ಇತ್ತು. ಕೋಳಿಯಲ್ಲಿ ಇರುವ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಅನ್ನುವ ಕ್ರಿಮಿಗಳು 74 ತಲುಪಿದ ಕೂಡಲೇ ಸಾಯುತ್ತವಂತೆ. ಮೇಲಿನ ಕಾರ್ನ್‌ಫ್ಲೋರ್ ಗರಿಗರಿಯಾಗುವುದಕ್ಕೂ ಒಳಗಿನ ಲೆಕ್ಕಕ್ಕೂ ಸಂಬಂಧವೇ ಇಲ್ಲ.

ಇನ್ನೊಂದು ತಮಾಷೆ ಕೇಳಿ. ಪೂರ್ತಿ ಬೆಂದು 80 ತೋರಿಸಿದ ತುಂಡನ್ನೂ ಬಿಡಿಸಿದರೆ ಕೆಲವು ಸಲ ಮೂಳೆ ಪಕ್ಕ ಕೆಂಪಗೆ ಇರುತ್ತದೆ. ಫಾರಂ ಕೋಳಿ ಆರು ವಾರದ ಎಳೆ ಕೋಳಿ, ಮೂಳೆ ಗಟ್ಟಿಯಾಗಿರುವುದಿಲ್ಲ, ಒಳಗಿನ ಮಜ್ಜೆಯ ಬಣ್ಣ ಹೊರಗೆ ಇಳಿಯುತ್ತದೆ. ಫ್ರೀಜರ್‌ನಲ್ಲಿಟ್ಟ ಮಾಂಸದಲ್ಲಿ ಇನ್ನೂ ಹೆಚ್ಚು. ಅದನ್ನು ನೋಡಿ ಗಿರಾಕಿ ನನ್ನ ಜೊತೆ ಜಗಳಕ್ಕೆ ಬಂದದ್ದೂ ಉಂಟು, ಆಗ ತಪ್ಪು ಅವರದ್ದಲ್ಲ, ನನ್ನದೂ ಅಲ್ಲ. ಹಸಿ ಇದ್ದದ್ದು ಬೆಂದ ಹಾಗೆ ಕಾಣುತ್ತದೆ, ಬೆಂದದ್ದು ಹಸಿಯ ಹಾಗೆ ಕಾಣುತ್ತದೆ. ಬಣ್ಣ ಹಾಕುತ್ತಿದ್ದ ಕಾಲದಲ್ಲಂತೂ ಮೂಳೆ ಪಕ್ಕದ್ದು ರಕ್ತವೋ ಪುಡಿಯೋ ಅಂತ ದೇವರೇ ಹೇಳಬೇಕಿತ್ತು.

ಇದು ಎಣ್ಣೆಯಲ್ಲಿ ಕರಿಯುವ ನಮ್ಮ ಕಡೆಯ ಕಬಾಬಿನ ಮಾತು. ಕೆಂಡದ ಕಬಾಬಿನದು ಬೇರೆ. ನಾನು ಹುಡುಗನಾಗಿದ್ದಾಗ ಬೆಂಗಳೂರಿನ ಶಿವಾಜಿನಗರದಲ್ಲಿ ಮೂರು ರಂಜಾನ್ ಕೆಲಸ ಮಾಡಿದ್ದೇನೆ. ಅಲ್ಲಿನ ಉಸ್ತಾದರು ಸೀಖ್ ಕಬಾಬಿನ ಕೈಮವನ್ನು ಅವತ್ತಿನದನ್ನು ಅವತ್ತೇ, ಬೇಕಾದಷ್ಟೇ ಕಡಿಸುತ್ತಿದ್ದರು. ಮಿಕ್ಕರೆ ನಾಳೆಗೆ ಇಡುವ ಮಾತೇ ಇಲ್ಲ, ನಮಗೇ ಬೇಯಿಸಿ ಹಾಕುತ್ತಿದ್ದರು. ಯಾಕೆ ಅಂತ ಆಗ ಕೇಳಿರಲಿಲ್ಲ. ಈಗ ಗೊತ್ತಾಗುತ್ತಿದೆ. ಇಡೀ ತುಂಡಿನಲ್ಲಿ ಕ್ರಿಮಿ ಹೆಚ್ಚಾಗಿ ಮೇಲ್ಮೈಯಲ್ಲಿರುತ್ತದೆ, ಕಾವು ಮೊದಲು ಅಲ್ಲಿಗೇ ತಾಗುತ್ತದೆ. ಕೈಮ ಮಾಡಿದರೆ ಮೇಲಿದ್ದದ್ದು ಒಳಗೂ ಹಂಚಿಹೋಗುತ್ತದೆ. ಆದ್ದರಿಂದ ಕುರಿ, ದನದ ಕೈಮ ಆದರೂ ನಡುವಿನವರೆಗೆ 71 ಡಿಗ್ರಿ ಆಗಲೇಬೇಕು, ಕೋಳಿ ಕೈಮಕ್ಕೆ ಅದೇ 74. ಉಸ್ತಾದರು ಕೆಂಡದ ಮೇಲೆ ಬೂದಿ ಬೆಳ್ಳಗೆ ಕಟ್ಟುವವರೆಗೆ ಸರಳು ಇಡಗೊಡುತ್ತಿರಲಿಲ್ಲ. ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದರೆ ಸರಳನ್ನು ಪಕ್ಕಕ್ಕೆ ಎಳೆಯಬೇಕು. ಜ್ವಾಲೆ ಮೇಲನ್ನು ಸುಡುತ್ತದೆ, ಒಳಗನ್ನು ಬೇಯಿಸುವುದು ಕೆಂಡ. ಪರಂಗಿಕಾಯಿ ತಿರುಳು ಹಾಕಿದರೆ ಮಾಂಸ ಮೆತ್ತಗಾಗುತ್ತದೆ, ನಿಂಬೆ ಹಿಂಡಿದರೆ ರುಚಿ ಬರುತ್ತದೆ, ಮೊಸರು, ಅರಿಶಿನ ಎಲ್ಲ ಸರಿ. ಇವು ಯಾವುವೂ ಕ್ರಿಮಿ ಕೊಂದು ನಿಮ್ಮನ್ನು ಕಾಪಾಡುತ್ತವೆ ಅಂತ ನೆಚ್ಚಬೇಡಿ. ಮಸಾಲೆ ಕಲಸಿಟ್ಟ ಕೋಳಿಯೂ ಹಸಿ ಕೋಳಿಯೇ, ಐಸ್ ಪೆಟ್ಟಿಗೆಯಲ್ಲೇ ಇರಬೇಕು. ಮೀನಿನವರ ಹತ್ತಿರ ಇರುತ್ತದಲ್ಲ ಥರ್ಮಾಕೋಲ್ ಪೆಟ್ಟಿಗೆ, ನನ್ನದೂ ಅದೇ.

ಷವರ್ಮಾ ಕೂಡ ಈ ಜಾತಿಯದೇ. ಕನ್ನಡದವರೂ ಬಾಳುವ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ 2022ರ ಮೇ ತಿಂಗಳ ಹೊತ್ತಿಗೆ ಷವರ್ಮಾ ತಿಂದು ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳು, ಹಲವರು ಆಸ್ಪತ್ರೆ ಸೇರಿದರು, ಪರೀಕ್ಷೆಯಲ್ಲಿ ಶಿಗೆಲ್ಲಾ ಅನ್ನುವ ಕ್ರಿಮಿ ಸಿಕ್ಕಿತು. ಮುಂದೆ ಕೇರಳದಲ್ಲಿ ಷವರ್ಮಾ ಜೊತೆ ಕೊಡುವ ಹಸಿ ಮೊಟ್ಟೆಯ ಮಯೋನೈಸ್ ನಿಲ್ಲಿಸಿದರು. ತಿರುಗುವ ಆ ಮಾಂಸದ ಕಂಬದಲ್ಲಿ ಬೇಯುವುದು ಹೊರಗಿನ ಪದರ ಮಾತ್ರ. ಗಿರಾಕಿ ಮುಗಿಬಿದ್ದಾಗ ಕತ್ತಿ ಬೇಯದ ಪದರಕ್ಕೂ ಇಳಿಯುತ್ತದೆ. ಅಲ್ಲೂ ಇದೇ "ಬೇಗ ಅಣ್ಣ". 2024ರಲ್ಲಿ ನಮ್ಮ ರಾಜ್ಯದಲ್ಲೂ ಷವರ್ಮಾದ 17 ಮಾದರಿ ತೆಗೆದಾಗ 8ರಲ್ಲಿ ಬ್ಯಾಕ್ಟೀರಿಯಾ, ಯೀಸ್ಟ್ ಸಿಕ್ಕಿದ್ದು ವರದಿಯಾಗಿತ್ತು. ಷವರ್ಮಾದಲ್ಲಿ ಕ್ರಿಮಿ ಹುಡುಕಿದವರು ಕಬಾಬಿನಲ್ಲಿ ಬಣ್ಣ ಹಿಡಿದು ಸುಮ್ಮನಾದರೆ ಹೇಗೆ ಅನ್ನುವುದೇ ನನ್ನ ಪ್ರಶ್ನೆ.

ಹಸಿ ಮಾಂಸದಷ್ಟೇ ಮೋಸ ಮಾಡುವುದು ಮಾಂಸವಲ್ಲದ್ದು. ತಟ್ಟೆಯಲ್ಲಿ ಕಬಾಬ್ ಜೊತೆ ಈರುಳ್ಳಿ, ನಿಂಬೆಹೋಳು ಕೊಡುತ್ತೇವಲ್ಲ, ಅದು ಎಣ್ಣೆ ಕಾಣುವುದಿಲ್ಲ, ಹಾಗೇ ಬಾಯಿಗೆ ಹೋಗುತ್ತದೆ. ಕೋಳಿ ಕತ್ತರಿಸಿದ ಮಣೆಯ ಮೇಲೆ, ಅದೇ ಚಾಕುವನ್ನು ಪ್ಯಾಂಟಿಗೆ ಒರೆಸಿ ಈರುಳ್ಳಿ ಹೆಚ್ಚಿದರೆ ಕಬಾಬ್ ಎಷ್ಟು ಬೆಂದು ಏನು? ನನ್ನ ಗಾಡಿಯಲ್ಲಿ ಈರುಳ್ಳಿ ನನ್ನ ಮನೆಯವಳು ಮನೆಯಲ್ಲೇ ಹೆಚ್ಚಿ ಡಬ್ಬಿಯಲ್ಲಿ ಕಳಿಸುತ್ತಾಳೆ, ಕೋಳಿಯ ಕೈ ಅದಕ್ಕೆ ತಾಗುವುದಿಲ್ಲ. ಹಸಿ ತುಂಡು ಬಿಡುವ ಕೈ ಬೇರೆ, ಬೆಂದದ್ದು ಎತ್ತಲು ಜಾಲರಿ ಸೌಟು ಬೇರೆ. ತೊಳೆಯುವ ವಿಷಯದಲ್ಲಿ ತಂಗಿ ಮಗಳಿಗೂ ನನಗೂ ಇವತ್ತಿಗೂ ರಾಜಿಯಾಗಿಲ್ಲ. ಹಸಿ ಕೋಳಿ ತೊಳೆಯಲೇ ಬೇಡಿ, ಸಿಡಿಯುವ ನೀರು ಸುತ್ತಲೂ ಕ್ರಿಮಿ ಹರಡುತ್ತದೆ ಅನ್ನುತ್ತಾಳೆ. ತೊಳೆಯದ ಕೋಳಿಯನ್ನು ನಾನು ಬೇಯಿಸಿದರೆ ನಮ್ಮವ್ವ ನನ್ನನ್ನು ಒಳಗೆ ಸೇರಿಸುವುದಿಲ್ಲ. ಕೊನೆಗೆ ನಲ್ಲಿಯ ಕೆಳಗೆ ಹಿಡಿಯದೆ, ಬಕೆಟ್‌ನಲ್ಲಿ ಮುಳುಗಿಸಿ ಮೆಲ್ಲಗೆ ಎತ್ತಿ, ಆ ಬಕೆಟ್ಟನ್ನೂ ಜಾಗವನ್ನೂ ಸೋಪು ಹಾಕಿ ತಿಕ್ಕುವುದು ಅಂತ ಒಪ್ಪಂದವಾಗಿದೆ.

ಎಣ್ಣೆಯದೂ ಒಂದು ಮಾತು. ಎಣ್ಣೆ ಕೆಟ್ಟಿದೆ ಅನ್ನಲು ಒಂದು ಅಳತೆ ಇದೆ, ಟಿಪಿಸಿ ಅನ್ನುತ್ತಾರೆ, ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆಯಲ್ಲಿ ಹುಟ್ಟುವ ಕೆಟ್ಟ ಅಂಶದ ಲೆಕ್ಕ ಅದು, 25 ಶೇಕಡಾ ದಾಟಿದರೆ ಬಳಸಬಾರದು ಅಂತ 2018ರ ಜುಲೈನಿಂದ ನಿಯಮ. ಅಳೆಯುವ ಮೀಟರ್ ನಮ್ಮಂಥವರ ಕೈಗೆ ಎಟಕುವುದಿಲ್ಲ. ನೊರೆ ಇಳಿಯದಿದ್ದರೆ, ಬೇಗ ಹೊಗೆ ಎದ್ದರೆ, ಬೆರಳಿಗೆ ಅಂಟಂಟಾದರೆ ನಾನು ಚೆಲ್ಲುತ್ತೇನೆ. ಹಳೇ ಎಣ್ಣೆಗೆ ಹೊಸದು ಬೆರೆಸಿದರೆ ಹೊಸದೂ ಹಳೇದಾಗುತ್ತದೆ, ಅಷ್ಟೇ.

ಸಂಪಾದಕರೇ, ನಿಮ್ಮಲ್ಲೂ ಒಂದು ಕ್ಷಮೆ ಕೇಳುವುದಿದೆ. ಎಷ್ಟೋ ವರ್ಷ ನಿಮ್ಮ ಪತ್ರಿಕೆಯಲ್ಲೇ ಕಬಾಬ್ ಕಟ್ಟಿ ಕೊಟ್ಟಿದ್ದೇನೆ. ಗುಜರಿಯವನಿಂದ ಕೆಜಿ ಲೆಕ್ಕದಲ್ಲಿ ತರುತ್ತಿದ್ದೆ. ಬಿಸಿ ಎಣ್ಣೆಗೆ ಅಚ್ಚಿನ ಮಸಿ ಬಿಡುತ್ತದೆ, ಅದರಲ್ಲಿ ಸೀಸದಂಥದ್ದು ಇರುತ್ತದೆ, ಆಹಾರ ಕಟ್ಟುವುದಕ್ಕೆ ಪೇಪರ್ ಬಳಸಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ನಿಯಮ ಮಾಡಿದೆ. ಈಗ ಮುತ್ತುಗದ ಎಲೆ ತರುತ್ತೇನೆ, ಸಿಗದ ದಿನ ಅಡಿಕೆ ಹಾಳೆ ತಟ್ಟೆ. ನಿಮ್ಮ ಪತ್ರಿಕೆಯನ್ನು ಬೆಳಿಗ್ಗೆ ಓದುತ್ತೇನೆ ಮಾತ್ರ.

ಇಷ್ಟೆಲ್ಲ ಬರೆದದ್ದು ಎರಡು ಕೋರಿಕೆಗೆ. ಆಹಾರ ಸುರಕ್ಷತೆ ಅಧಿಕಾರಿಗಳು ನಮ್ಮ ಕಡೆಗೆ ಬರುವುದೇ ಬೆಳಿಗ್ಗೆ ಹನ್ನೊಂದಕ್ಕೆ. ಆಗ ಗಾಡಿಯ ಮೇಲೆ ಟಾರ್ಪಾಲು ಇರುತ್ತದೆ, ಕೆಳಗೆ ನಾಯಿ ಮಲಗಿರುತ್ತದೆ. ದಯವಿಟ್ಟು ಸಂಜೆ ನಾಲ್ಕಕ್ಕೆ ಒಂದು ಸಲ, ರಾತ್ರಿ ಎಂಟಕ್ಕೆ ಒಂದು ಸಲ ಬನ್ನಿ. ಟಬ್‌ನ ಮುಚ್ಚಳ ತೆಗೆದು ನೋಡಿ. ಬಣ್ಣಕ್ಕೆ ಮಾದರಿ ತೆಗೆಯುವಾಗಲೇ ದಪ್ಪ ತುಂಡಿಗೆ ಥರ್ಮಾಮೀಟರ್ ಚುಚ್ಚಿ ನೋಡಿ, ತಪ್ಪಿದ್ದರೆ ದಂಡದ ಮೊದಲು ಹೀಗೆ ಬೇಯಿಸು ಅಂತ ಕೈಹಿಡಿದು ತೋರಿಸಿ. ನಮ್ಮವರಲ್ಲಿ ಅರ್ಧ ಜನ ಕೆಟ್ಟವರಲ್ಲ, ಯಾರೂ ಹೇಳಿಕೊಡದವರು. ನಾನು ನೂರು ರೂಪಾಯಿ ಕಟ್ಟಿ ರಿಜಿಸ್ಟ್ರೇಷನ್ ಮಾಡಿಸಿದಾಗ ಕೈಗೆ ಬಂದದ್ದು ಒಂದು ಹಾಳೆ, ಗಾಜು ಹಾಕಿಸಿ ನೇತುಹಾಕಿದ್ದೇನೆ, ಅದು ನನಗೆ ಏನನ್ನೂ ಕಲಿಸಿಲ್ಲ.

ಓದುಗರಲ್ಲಿ ಕೇಳುವುದು, ಮಕ್ಕಳಿಗೆ ಕೊಡುವ ಮೊದಲು ತಟ್ಟೆಯಲ್ಲಿನ ಎಲ್ಲಕ್ಕಿಂತ ದಪ್ಪ ತುಂಡನ್ನು ಮುರಿಯಿರಿ. ಮಾಂಸ ಎಳೆಎಳೆಯಾಗಿ ಬಿಟ್ಟು ಮೂಳೆಯಿಂದ ಸಲೀಸಾಗಿ ಬರಬೇಕು. ಜೆಲ್ಲಿಯ ಹಾಗೆ ಹೊಳೆದರೆ, ಎಳೆದರೆ ರಬ್ಬರಿನ ಹಾಗೆ ಹಿಗ್ಗಿದರೆ ವಾಪಸ್ ಕೊಡಿ, ಇನ್ನೂ ನಾಲ್ಕು ನಿಮಿಷ ಬಿಡು ಅನ್ನಿ. ನಾಚಿಕೊಳ್ಳಬೇಡಿ, ನಮಗೂ ಬೇಜಾರಿಲ್ಲ. ಕಾಯುವ ಹತ್ತು ನಿಮಿಷಕ್ಕೆ ನನ್ನ ಗಾಡಿಯ ಪಕ್ಕ ಎರಡು ಕಲ್ಲುಚಪ್ಪಡಿ ಹಾಕಿಸಿದ್ದೇನೆ.

ನನ್ನ ಥರ್ಮಾಮೀಟರ್ ಕಂಡು ಮೊದಮೊದಲು ಸಾಲಿನವರು "ಏನಣ್ಣ, ಕೋಳಿಗೆ ಜ್ವರವಾ?" ಅಂತ ನಗುತ್ತಿದ್ದರು. ಆಮೇಲೆ ಪಕ್ಕದ ಗಾಡಿಯ ಹುಡುಗ ಎರವಲು ಕೇಳತೊಡಗಿದ, ಅದೂ ಸರಿಯಾಗಿ ಎಂಟು ಗಂಟೆಗೆ, ನನಗೂ ಬೇಕಾಗುವ ಹೊತ್ತಿಗೆ. ಎರಡು ಸಲ ಎಣ್ಣೆಗೆ ಬೀಳಿಸಿದ. ಹೋದ ವಾರ ಅವನೇ ಒಂದು ತರಿಸಿಕೊಂಡಿದ್ದಾನೆ.

ಇಂತಿ ತಮ್ಮ ಓದುಗ,
ಒಬ್ಬ ಕಬಾಬ್ ಗಾಡಿಯವನು
ತುಮಕೂರು ಜಿಲ್ಲೆ